ಗುರ್ ಎನ್ನುವ ನಾಯಿಗೆ ಹೊಡೆಯಬೇಡಿ
ಸಾಕುಪ್ರಾಣಿ: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ‘ನಮ್ಮ ನಾಯಿ ಮಾತು ಕೇಳುವುದಿಲ್ಲ’ ಎಂಬ ದೂರೇ ಹೆಚ್ಚು. ಆದರೆ ವಿವರಗಳನ್ನು ಓದುತ್ತಾ ಹೋದರೆ ಅಲ್ಲಿ ಹಟಮಾರಿ ನಾಯಿಗಳಿಗಿಂತ ಹೆದರಿದ ನಾಯಿಗಳೇ ಹೆಚ್ಚಾಗಿ ಕಾಣುತ್ತವೆ. ಆದ್ದರಿಂದ ಭಯಕ್ಕೆ ಸಂಬಂಧಿಸಿದ ಎರಡು ಪತ್ರಗಳಿಗೆ ವಿಸ್ತಾರವಾಗಿಯೂ ಉಳಿದವಕ್ಕೆ ಚಿಕ್ಕದಾಗಿಯೂ ಉತ್ತರಿಸಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಕೈಬಿಡಲಾಗಿದೆ.

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ, ರೇಷ್ಮೆ ಬೇಸಾಯದ ಮನೆ. ಎರಡು ವರ್ಷದ ನಾಟಿ ಗಂಡುನಾಯಿಯೊಂದಿದೆ. ಯಾರಿಗೂ ಅಂಜದ ಅದು ತಮಟೆಯ ಸದ್ದು ಕೇಳಿದರೆ ಸಾಕು, ಮಂಚದ ಕೆಳಗೆ ಸೇರಿಕೊಳ್ಳುತ್ತದೆ. ಹೋದ ದೀಪಾವಳಿಯಲ್ಲಿ ಸರಪಳಿ ಕಿತ್ತುಕೊಂಡು ಓಡಿಹೋಗಿ ಮೂರನೆಯ ದಿನ ಪಕ್ಕದ ಊರಿನ ಹಿಪ್ಪುನೇರಳೆ ತೋಟದಲ್ಲಿ ಸಿಕ್ಕಿತು. ಎದುರಿಗೇ ಕಟ್ಟಿ ನಾಲ್ಕು ಪಟಾಕಿ ಹೊಡೆದರೆ ಭಯ ಬಿಟ್ಟುಹೋಗುತ್ತದೆ ಎಂದು ನಮ್ಮ ಮಾವನವರು ಹೇಳುತ್ತಾರೆ. ಅದು ಸರಿಯೇ? ಹಬ್ಬದ ದಿನಗಳಲ್ಲಿ ಅದನ್ನು ಹುಳು ಸಾಕುವ ಮನೆಯಲ್ಲಿ ಕೂಡಿಹಾಕಬಹುದೇ?

ಉತ್ತರ: ನಿಮ್ಮ ಮಾವನವರ ಉಪಾಯವನ್ನು ದಯವಿಟ್ಟು ಪ್ರಯೋಗಿಸಬೇಡಿ. ಈಜು ಬಾರದವನನ್ನು ಬಾವಿಗೆ ತಳ್ಳಿ ಈಜು ಕಲಿಸುವ ಕಾಲವೊಂದಿತ್ತು; ಹಾಗೆ ಕೆಲವರು ಕಲಿತರು, ಉಳಿದವರು ಬಾವಿಯ ಕಡೆ ತಲೆಹಾಕುವುದನ್ನೇ ಬಿಟ್ಟರು. ನಾಯಿಗಳಲ್ಲಿ ಈ ಎರಡನೆಯ ಬಗೆಯವೇ ಹೆಚ್ಚು. ಓಡಿಹೋಗಲು ದಾರಿಯಿಲ್ಲದಂತೆ ಕಟ್ಟಿ ಪಟಾಕಿ ಹೊಡೆದಾಗ ಅದು ಅಲುಗಾಡದೆ ನಿಂತರೆ ಧೈರ್ಯ ಬಂತೆಂದು ನಮಗೆ ತೋರುತ್ತದೆ. ವಾಸ್ತವದಲ್ಲಿ ಅದು ಭಯದಿಂದ ಮರಗಟ್ಟಿ ನಿಂತಿರುತ್ತದೆ. ಆ ಭಯವೂ ಪಟಾಕಿಗಷ್ಟೇ ನಿಲ್ಲದೆ ಬೆಂಕಿಕಡ್ಡಿ ಗೀರುವ ಸದ್ದಿಗೆ, ಮದ್ದಿನ ವಾಸನೆಗೆ, ಕೊನೆಗೆ ಹಗ್ಗ ಹಿಡಿದು ನಿಂತಿದ್ದ ಮನುಷ್ಯನಿಗೂ ಅಂಟಿಕೊಳ್ಳುತ್ತದೆ. ನಾಯಿಯ ಕಿವಿಯೇ ಬೇರೆ ಎಂಬುದನ್ನೂ ಮರೆಯಬಾರದು: ನಮಗೆ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ ಅದಕ್ಕೆ ಸುಮಾರು 45,000 ಹರ್ಟ್ಸ್‌ವರೆಗಿನ ಸದ್ದೂ ಕೇಳಿಸುತ್ತದೆ.

ಭಯ ಬಿಡಿಸುವ ಅಭ್ಯಾಸವನ್ನು ಹಬ್ಬಕ್ಕೆ ಕಡಿಮೆಯೆಂದರೂ ಎರಡು ತಿಂಗಳು ಮೊದಲೇ ಶುರುಮಾಡಬೇಕು. ಮೊಬೈಲಿನಲ್ಲಿ ತಮಟೆ ಮತ್ತು ಪಟಾಕಿಯ ಸದ್ದನ್ನು ಮುದ್ರಿಸಿಕೊಳ್ಳಿ. ಒಂದು ಬೇಯಿಸಿದ ಮೊಟ್ಟೆಯನ್ನು ಕಡಲೆಬೀಜದ ಗಾತ್ರದ ಚೂರುಗಳಾಗಿ ಮಾಡಿ ಕೈಯಲ್ಲಿಟ್ಟುಕೊಳ್ಳಿ. ನಿಮಗೇ ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣಗೆ ಸದ್ದು ಹಾಕಿ, ಅದು ಕೇಳಿಸಿದ ಕೂಡಲೇ ಒಂದು ಚೂರು ಕೊಡಿ. ಸದ್ದು ನಿಂತಾಗ ಮೊಟ್ಟೆಯೂ ನಿಲ್ಲಲಿ. ಈ ಕ್ರಮ ತಲೆಕೆಳಗಾಗಬಾರದು. ಮೊದಲು ಮೊಟ್ಟೆ ತೋರಿಸಿ ಆಮೇಲೆ ಸದ್ದು ಹಾಕಿದರೆ ನಾಯಿ ಸದ್ದನ್ನು ಇಷ್ಟಪಡುವ ಬದಲು ಮೊಟ್ಟೆಯನ್ನೇ ಅನುಮಾನಿಸಲು ಕಲಿಯುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಿನಕ್ಕೆ ಐದು ನಿಮಿಷ ಸಾಕು. ಸದ್ದು ಬಂದೊಡನೆ ನಾಯಿ ಕಿವಿ ಹಿಂದಕ್ಕೆ ಮಡಿಸದೆ ಬಾಲ ಸಡಿಲವಾಗಿಟ್ಟುಕೊಂಡು ನಿಮ್ಮ ಕೈಯತ್ತ ತಿರುಗಿ ನೋಡತೊಡಗಿದರೆ ಮಾತ್ರ ಒಂದು ಮಟ್ಟ ಏರಿಸಿ. ಹಸಿವಿದ್ದೂ ಮೊಟ್ಟೆ ಮುಟ್ಟದಿದ್ದರೆ, ನಿದ್ದೆ ಬಾರದ ಹೊತ್ತಿನಲ್ಲಿ ಪದೇಪದೇ ಆಕಳಿಸಿದರೆ, ಮೂಗು ನೆಕ್ಕಿಕೊಳ್ಳುತ್ತಾ ಮುಖ ತಿರುಗಿಸಿದರೆ ನೀವು ಅವಸರ ಮಾಡಿದ್ದೀರಿ ಎಂದರ್ಥ. ಎರಡು ಮಟ್ಟ ಇಳಿಸಿ ಮತ್ತೆ ಆರಂಭಿಸಿ.

ಹಬ್ಬದ ದಿನಗಳ ವ್ಯವಸ್ಥೆ ಬೇರೆಯದು. ಆಗ ಕಲಿಸಲು ಹೋಗದೆ ಕಾಪಾಡಿದರೆ ಸಾಕು. ಕತ್ತಲಾಗುವ ಮೊದಲೇ ತಿರುಗಾಡಿಸಿ ಊಟ ಹಾಕಿ, ಮನೆಯ ನಡುವಿನ ಕೋಣೆಯಲ್ಲಿ ಕಿಟಕಿ ಮುಚ್ಚಿ, ಫ್ಯಾನನ್ನೋ ಟಿ.ವಿ.ಯನ್ನೋ ಹಾಕಿಬಿಡಿ. ಅದು ಮಂಚದ ಕೆಳಗೆ ಸೇರಿದರೆ ಎಳೆಯಬೇಡಿ, ಅಲ್ಲಿಗೇ ಒಂದು ಹಳೆಯ ಕಂಬಳಿ ಹಾಸಿ. ಹತ್ತಿರ ಕುಳಿತು ಮೈ ಸವರಿದರೆ ಭಯ ಹೆಚ್ಚುತ್ತದೆ ಎಂಬ ಮಾತು ನಿಜವಲ್ಲ; ಸವರಿಸಿಕೊಳ್ಳಲು ತಾನಾಗಿ ಬಂದರೆ ಸವರಿ. ಸರಪಳಿಯಲ್ಲಿ ಮಾತ್ರ ಕಟ್ಟಬೇಡಿ. ಗಾಬರಿಯಲ್ಲಿ ಕಾಂಪೌಂಡು ಹಾರಿ, ಸರಪಳಿ ಗೋಡೆಯ ಈಚೆಗೇ ಉಳಿದು, ಕೊರಳು ಬಿಗಿದು ಸತ್ತ ನಾಯಿಗಳಿವೆ. ಕೊರಳಪಟ್ಟಿಯ ಒಳಗೆ ಎರಡು ಬೆರಳು ತೂರುವಷ್ಟು ಮಾತ್ರ ಸಡಿಲವಿರಲಿ, ಅದರ ಮೇಲೆ ನಿಮ್ಮ ಮೊಬೈಲ್ ಸಂಖ್ಯೆಯನ್ನು ಬರೆಸಿ. ಹಾಗೆ ಬರೆಸಿದ್ದರೆ ಹೋದ ವರ್ಷ ಮೂರು ದಿನ ಹುಡುಕಬೇಕಾಗುತ್ತಿರಲಿಲ್ಲ.

ಹುಳು ಸಾಕುವ ಮನೆ ಬೇಡ. ಅದರ ಗೋಡೆ ದಪ್ಪ, ಒಳಗೆ ತಂಪು ಎಂಬ ನಿಮ್ಮ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ ಪ್ರತಿ ಬೆಳೆಗೂ ಬ್ಲೀಚಿಂಗ್ ಪುಡಿ, ಸುಣ್ಣ ಹಾಕಿ ಸೋಂಕು ಕಳೆಯುವ ನೆಲದ ಮೇಲೆ ಮಲಗಿದ ನಾಯಿ ಆಮೇಲೆ ತನ್ನ ಪಾದ ನೆಕ್ಕಿಕೊಳ್ಳುತ್ತದೆ; ಅಪರಿಚಿತ ಕೋಣೆಯಲ್ಲಿ ಒಂಟಿಯಾಗಿ ಕೂಡಿಹಾಕಿದರೆ ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುವುದೂ ಉಂಟು. ಇಷ್ಟು ಮಾಡಿಯೂ ನಡುಕ ನಿಲ್ಲದಿದ್ದರೆ ಹಬ್ಬಕ್ಕೆ ಹದಿನೈದು ದಿನ ಮೊದಲೇ ಪಶುವೈದ್ಯರನ್ನು ಕಾಣಿ. ಭಯವನ್ನೇ ತಗ್ಗಿಸುವ ಔಷಧಗಳಿವೆ. ಮನುಷ್ಯರ ನಿದ್ದೆ ಮಾತ್ರೆಯನ್ನು ಅಂದಾಜಿನ ಮೇಲೆ ಕೊಡುವುದು ಅಪಾಯ.

ಪ್ರಶ್ನೆ: ತುಮಕೂರು ನಗರದಲ್ಲಿದ್ದೇವೆ. ಆರು ವರ್ಷದ ಲ್ಯಾಬ್ರಡಾರ್ ಇದೆ. ಕಳೆದ ವರ್ಷದಿಂದ ನಾಲ್ಕು ವರ್ಷದ ಮೊಮ್ಮಗ ಅದರ ತಟ್ಟೆಯ ಹತ್ತಿರ ಹೋದಾಗಲೆಲ್ಲ ಗುರ್ ಎನ್ನುತ್ತಿತ್ತು. ಪ್ರತಿ ಸಲವೂ ಬೆತ್ತದಿಂದ ಎರಡು ಬಿಟ್ಟು ಆ ಅಭ್ಯಾಸ ಬಿಡಿಸಿದೆ. ತಿಂಗಳುಗಟ್ಟಲೆ ಸದ್ದಿಲ್ಲದೆ ಇದ್ದ ನಾಯಿ ಹೋದ ವಾರ ಯಾವ ಸೂಚನೆಯೂ ಇಲ್ಲದೆ ಮಗುವಿನ ಕೈ ಕಚ್ಚಿತು. ಚರ್ಮ ತರಚಿ ಸ್ವಲ್ಪ ರಕ್ತ ಬಂತು, ಅರಿಸಿನ ಹಚ್ಚಿದೆವು. ನಾಯಿಗೆ ವರ್ಷವರ್ಷವೂ ಲಸಿಕೆ ಹಾಕಿಸಿದ್ದೇವೆ. ಬೊಗಳುವ ನಾಯಿ ಕಚ್ಚುವುದಿಲ್ಲ ಎನ್ನುತ್ತಾರಲ್ಲ?

ಉತ್ತರ: ಮೊದಲು ಮಗುವಿನ ವಿಷಯ. ಈ ಪುಟವನ್ನು ಮುಂದೆ ಓದುವ ಮೊದಲೇ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ವಾರ ಕಳೆದಿದೆಯೆಂದು ಸುಮ್ಮನಿರಬೇಡಿ. ನಾಯಿ ಕಚ್ಚಿ ರಕ್ತ ಬಂದಾಗ ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಕಾರದ ಪುಡಿ ಯಾವುದನ್ನೂ ಹಚ್ಚಬಾರದು. ನಾಯಿಗೆ ಲಸಿಕೆ ಆಗಿದ್ದರೂ ಮಗುವಿಗೆ ಲಸಿಕೆ ಬೇಕೇ ಬೇಡವೇ ಎಂಬುದನ್ನು ವೈದ್ಯರು ನಿರ್ಧರಿಸಲಿ. ರೇಬಿಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಕಚ್ಚಿದ ದಿನದಿಂದ 10 ದಿನ ನಾಯಿಯ ಮೇಲೆ ನಿಗಾ ಇಡಿ.

ಇನ್ನು ನಾಯಿಯ ವಿಷಯ. ಯಾವ ಸೂಚನೆಯೂ ಇಲ್ಲದೆ ಕಚ್ಚಿತು ಎಂದು ಬರೆದಿದ್ದೀರಿ. ಅದು ವರ್ಷಪೂರ್ತಿ ಸೂಚನೆ ಕೊಡುತ್ತಲೇ ಇತ್ತು. ಸೂಚನೆ ಕೊಟ್ಟಾಗಲೆಲ್ಲ ಪೆಟ್ಟು ತಿಂದು ಕೊಡುವುದನ್ನು ನಿಲ್ಲಿಸಿತು. ‘ಹತ್ತಿರ ಬರಬೇಡ, ನನಗೆ ಆತಂಕವಾಗುತ್ತಿದೆ’ ಎಂದು ಹೇಳಲು ನಾಯಿಗಿರುವ ಮರ್ಯಾದೆಯ ದಾರಿ ಗುರ್ ಎನ್ನುವುದು. ರೈಲ್ವೆ ಗೇಟಿನ ಗಂಟೆಯನ್ನು ಕಿತ್ತುಹಾಕಿದರೆ ರೈಲು ಬರುವುದು ನಿಲ್ಲುವುದಿಲ್ಲ. ನೀವು ಹೇಳಿದ ಗಾದೆಯೂ ನಾಯಿಯ ಮಟ್ಟಿಗೆ ಸುಳ್ಳು. ಬೊಗಳುವ ನಾಯಿಯೂ ಕಚ್ಚುತ್ತದೆ, ಬೊಗಳಲು ಬಿಡದ ನಾಯಿ ಇನ್ನೂ ಬೇಗ ಕಚ್ಚುತ್ತದೆ.

ತಪ್ಪು ನಿಮ್ಮೊಬ್ಬರದೇ ಅಲ್ಲ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ‘ತಿನ್ನುವಾಗ ತಟ್ಟೆ ಕಿತ್ತುಕೊಳ್ಳಿ, ಯಜಮಾನ ಯಾರೆಂದು ಅದಕ್ಕೆ ಗೊತ್ತಾಗಲಿ’ ಎಂದು ಅನೇಕರಿಗೆ ಸಲಹೆ ಕೊಟ್ಟಿದ್ದೇನೆ. ಕಿತ್ತುಕೊಂಡಷ್ಟೂ ನಾಯಿ ತಟ್ಟೆಯನ್ನು ಹೆಚ್ಚು ಕಾಯುತ್ತದೆ ಎಂಬುದು ಅರ್ಥವಾಗಲು ನನಗೆ ಬಹಳ ಕಾಲ ಹಿಡಿಯಿತು.

ಈಗ ಮಾಡಬೇಕಾದದ್ದು ಇದು. ಐದು ವರ್ಷ ಸುಮ್ಮನಿದ್ದ ನಾಯಿ ಇದ್ದಕ್ಕಿದ್ದಂತೆ ಸಿಡುಕತೊಡಗಿದ್ದರೆ ಎಲ್ಲಿಯೋ ನೋವಿರಬಹುದು. ಲ್ಯಾಬ್ರಡಾರ್‌ಗಳಲ್ಲಿ ಸೊಂಟದ ಕೀಲಿನ ತೊಂದರೆ ಮತ್ತು ಕಿವಿಯ ಸೋಂಕು ಸಾಮಾನ್ಯ, ಹಲ್ಲುನೋವೂ ಇರಬಹುದು. ಮೊದಲು ಅದನ್ನು ಪರೀಕ್ಷೆ ಮಾಡಿಸಿ. ಇಂದಿನಿಂದ ನಾಯಿಯ ಊಟ ಬಾಗಿಲು ಹಾಕಿದ ಕೋಣೆಯಲ್ಲಿ ನಡೆಯಲಿ. ಮುಗಿದ ಮೇಲೆ ತಟ್ಟೆ ತೆಗೆದಿಟ್ಟು ಬಾಗಿಲು ತೆರೆಯಿರಿ. ದೊಡ್ಡವರೊಬ್ಬರು ದಿನವೂ ಅದು ಅನ್ನ ತಿನ್ನುತ್ತಿರುವಾಗ ಏಳೆಂಟು ಅಡಿ ದೂರದಲ್ಲಿ ಹಾದುಹೋಗುತ್ತಾ, ನಿಲ್ಲದೆ, ತಟ್ಟೆಯಲ್ಲಿರುವುದಕ್ಕಿಂತ ರುಚಿಯಾದ ಒಂದು ಕೋಳಿ ಚೂರನ್ನು ಅದರ ಕಡೆ ಎಸೆದು ಮುಂದೆ ಹೋಗಲಿ. ಹೆಜ್ಜೆಯ ಸದ್ದಿಗೆ ನಾಯಿ ತಿನ್ನುವುದನ್ನು ಬಿಟ್ಟು ತಲೆಯೆತ್ತಿ ಬಾಲ ಆಡಿಸತೊಡಗಿದ ಮೇಲೆ ಮಾತ್ರ ದೂರವನ್ನು ಅರ್ಧ ಅಡಿಯಷ್ಟು ಕಡಿಮೆ ಮಾಡಿ. ತಿನ್ನುವಾಗ ಅದರ ಮೈ ಬಿಗಿದರೆ, ಬಾಯಿ ತಟ್ಟೆಯಲ್ಲಿಟ್ಟುಕೊಂಡೇ ಓರೆಗಣ್ಣಿನಲ್ಲಿ ಬಿಳಿ ತೋರಿದರೆ ಹಿಂದೆ ಸರಿಯಿರಿ. ಮೊಮ್ಮಗನಿಂದ ಈ ಅಭ್ಯಾಸ ಮಾಡಿಸಬಾರದು, ದೊಡ್ಡವರ ಕಣ್ಣಿಲ್ಲದೆ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಬಿಡಲೂಬಾರದು. ನಾಯಿ ಮತ್ತೆ ಗುರ್ ಎಂದರೆ ಸಂತೋಷಪಡಿ. ಗಂಟೆ ಮತ್ತೆ ಕೆಲಸ ಮಾಡತೊಡಗಿದೆ.

ಪ್ರಶ್ನೆ: ಚಿಕ್ಕಬಳ್ಳಾಪುರದ ಹತ್ತಿರ ನಮಗೆ ದ್ರಾಕ್ಷಿ ತೋಟವಿದೆ. ಉದುರಿದ ಹಣ್ಣನ್ನು ನಾಯಿ ಆರಿಸಿ ತಿನ್ನುತ್ತದೆ. ಹಣ್ಣಲ್ಲವೇ, ತೊಂದರೆಯೇನು?

ಉತ್ತರ: ತೊಂದರೆ ದೊಡ್ಡದು. ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲದು. ಬುಟ್ಟಿಗಟ್ಟಲೆ ತಿಂದು ಏನೂ ಆಗದ ನಾಯಿಯೂ ಇದೆ, ಕೆಲವೇ ಹಣ್ಣಿಗೆ ಹಾಸಿಗೆ ಹಿಡಿದದ್ದೂ ಇದೆ. ಆದ್ದರಿಂದ ಇಷ್ಟು ಸುರಕ್ಷಿತ ಎಂಬ ಅಳತೆಯಿಲ್ಲ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಈಚಿನ ವರ್ಷಗಳಲ್ಲಿ ತಜ್ಞರು ಭಾವಿಸುತ್ತಾರೆ. ಅದೇ ಆಮ್ಲ ಹುಣಸೆಹಣ್ಣಿನಲ್ಲೂ ಇರುವುದರಿಂದ ಅಂಗಳದಲ್ಲಿ ಒಣಹಾಕಿದ ಹುಣಸೆಯನ್ನೂ ನಾಯಿಗೆ ಎಟುಕದಂತೆ ಇಡಿ. ಒಣದ್ರಾಕ್ಷಿ ಇನ್ನೂ ಕೆಟ್ಟದ್ದು, ಹಾಗಾಗಿ ಹಬ್ಬದಲ್ಲಿ ಮಿಕ್ಕ ಕೇಸರಿಬಾತು, ಪಾಯಸ ನಾಯಿಗೆ ಬೇಡ. ತೋಟದಲ್ಲಿ ಮೈಲುತುತ್ತ ಮೊದಲಾದ ಔಷಧಿ ಸಿಂಪಡಿಸಿರುವುದು ಇನ್ನೊಂದು ಕಾರಣ. ತಿಂದದ್ದು ಕಂಡ ಕೂಡಲೇ, ವಾಂತಿಯಾಗುವವರೆಗೆ ಕಾಯದೆ, ಪಶು ಆಸ್ಪತ್ರೆಗೆ ಒಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಆ ಉಪ್ಪೇ ವಿಷವಾದೀತು. ಕೊಯ್ಲಿನ ದಿನಗಳಲ್ಲಿ ನಾಯಿಯನ್ನು ತೋಟದ ಬೇಲಿಯಿಂದ ಹೊರಗಿಡುವುದೇ ಲೇಸು.

ಪ್ರಶ್ನೆ: ಕೋಲಾರದಿಂದ ಬರೆಯುತ್ತಿದ್ದೇನೆ. ಐವತ್ತು ದಿನದ ಮರಿ ತಂದಿದ್ದೇವೆ. ಎಲ್ಲ ಲಸಿಕೆ ಮುಗಿಯುವವರೆಗೆ ಹೊರಗೆ ಬಿಡಬೇಡಿ ಎಂದು ವೈದ್ಯರು, ಈಗಿನಿಂದಲೇ ಕಟ್ಟಿಹಾಕಿದರೆ ಕಾವಲಿಗೆ ಚುರುಕಾಗುತ್ತದೆ ಎಂದು ನೆಂಟರು ಹೇಳುತ್ತಾರೆ. ಯಾರ ಮಾತು ಕೇಳುವುದು?

ಉತ್ತರ: ವೈದ್ಯರ ಮಾತನ್ನು ಕೇಳಿ, ಆದರೆ ಅರ್ಧ ಮಾತ್ರ ಕೇಳಬೇಡಿ. ಪಾರ್ವೊ ರೋಗದ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ, ಸುಮಾರು 16 ವಾರಗಳವರೆಗೆ ನಡೆಯುವ ಲಸಿಕೆಯ ಸರಣಿ ಮುಗಿಯುವ ತನಕ ಬೀದಿಯ ನೆಲದ ಮೇಲೆ ಬಿಡಬಾರದೆಂಬುದು ಸರಿ. ಆದರೆ ಮರಿ ಲೋಕವನ್ನು ಧೈರ್ಯವಾಗಿ ಒಪ್ಪಿಕೊಳ್ಳುವ ವಯಸ್ಸು ಮೂರನೆಯ ವಾರದಿಂದ ಹೆಚ್ಚುಕಡಿಮೆ ಹದಿನಾಲ್ಕನೆಯ ವಾರದವರೆಗೆ ಮಾತ್ರ. ಅಷ್ಟೂ ದಿನ ನಾಲ್ಕು ಗೋಡೆಯೊಳಗೆ ಇಟ್ಟರೆ ರೋಗದಿಂದ ಉಳಿದ ನಾಯಿ ಭಯಕ್ಕೆ ಸಿಕ್ಕುತ್ತದೆ. ನೆಲ ಮುಟ್ಟಿಸದೆ ಎತ್ತಿಕೊಂಡು ಹೋಗಿ. ಬೆಳಗಿನ ಹೊತ್ತು ಟೊಮೆಟೊ ಮಂಡಿಯ ರಸ್ತೆಯಲ್ಲಿ, ಲಾರಿಗಳಿಂದ ಸಾಕಷ್ಟು ದೂರದಲ್ಲಿ, ಮಡಿಲಲ್ಲಿಟ್ಟುಕೊಂಡು ಹತ್ತು ನಿಮಿಷ ಕುಳಿತು ಒಂದೊಂದು ಹಾರ್ನಿಗೂ ಒಂದೊಂದು ಚೂರು ತಿನಿಸು ಕೊಡಿ. ಕೊಡೆ ಬಿಡಿಸುವವರು, ಹೆಲ್ಮೆಟ್ ಹಾಕಿದವರು, ಕೋಲು ಹಿಡಿದ ಅಜ್ಜ, ಸಮವಸ್ತ್ರದ ಮಕ್ಕಳು, ಎಲ್ಲರನ್ನೂ ಅದು ದೂರದಿಂದಾದರೂ ನೋಡಲಿ.

ನೆಂಟರ ಮಾತಿನಂತೆ ಕಟ್ಟಿಹಾಕಿ ಬೆಳೆಸಿದ ನಾಯಿ ಚುರುಕಾಗುವುದಿಲ್ಲ, ಅಂಜುಬುರುಕವಾಗುತ್ತದೆ. ಅಂಜಿದ ನಾಯಿಗೆ ಕಳ್ಳನೂ ಒಂದೇ, ಹಾಲು ಹಾಕುವ ಹುಡುಗನೂ ಒಂದೇ. ರೇಬಿಸ್ ಲಸಿಕೆಯನ್ನು ಮೂರು ತಿಂಗಳು ತುಂಬಿದಾಗ ತಪ್ಪದೆ ಹಾಕಿಸಿ.

ಪ್ರಶ್ನೆ: ಗುಬ್ಬಿ ತಾಲ್ಲೂಕಿನ ತೋಟದ ಮನೆ ನಮ್ಮದು. ಚಿರತೆಯ ಕಾಟವಿದೆ. ಕಾವಲಿಗೆಂದು ಅಂಗಳದಲ್ಲಿ ಕಟ್ಟುವ ನಾಯಿಗೆ ಏನು ತರಬೇತಿ ಕೊಡಬೇಕು?

ಉತ್ತರ: ಚಿರತೆಯನ್ನು ಎದುರಿಸುವ ತರಬೇತಿ ಎಂಬುದಿಲ್ಲ. ಅಂಗಳದಲ್ಲಿ ಕಟ್ಟಿದ ನಾಯಿ ಅದಕ್ಕೆ ಕಟ್ಟಿಟ್ಟ ಬುತ್ತಿ. ನಾಯಿಗಾಗಿ ಬಂದ ಚಿರತೆ ಮನೆಯ ಬಾಗಿಲಿನವರೆಗೂ ಬಂದಂತಾಗುತ್ತದೆ. ಕತ್ತಲಾದ ಮೇಲೆ ನಾಯಿ ಮನೆಯೊಳಗೆ ಅಥವಾ ಮಾಡು, ಗಟ್ಟಿ ಬಾಗಿಲು ಎರಡೂ ಇರುವ ಕೊಟ್ಟಿಗೆಯಲ್ಲಿರಲಿ. ಸಂಜೆ ಬೆಳಕಿರುವಾಗಲೇ ಊಟದ ತಟ್ಟೆಯನ್ನು ಒಳಗಿಟ್ಟು ಒಂದೇ ಹೆಸರಿನಿಂದ, ಒಂದೇ ದನಿಯಲ್ಲಿ ಕರೆಯುವ ರೂಢಿ ಮಾಡಿದರೆ ಎರಡು ವಾರದಲ್ಲಿ ತಾನಾಗಿ ಒಳಗೆ ಬರುತ್ತದೆ. ಕರೆದಾಗ ತಡವಾಗಿ ಬಂದರೂ ಬಯ್ಯಬೇಡಿ. ರಾತ್ರಿ ಅದು ಒಳಗಿನಿಂದ ಬೊಗಳಿದಾಗ ಬಾಗಿಲು ತೆರೆದು ಛೂ ಬಿಡದೆ ಹೊರಗಿನ ದೀಪ ಹಾಕಿ ಕಿಟಕಿಯಿಂದ ನೋಡಿ, ಬೆಳಿಗ್ಗೆ ಹೆಜ್ಜೆ ಗುರುತು ಕಂಡರೆ ಅರಣ್ಯ ಇಲಾಖೆಯವರಿಗೆ ತಿಳಿಸಿ.