ಕ್ಯೂಬಾದ ಗುಲಾಮರು: ಬರೆದವರು ಯಾರು, ಕಂಡದ್ದು ಏನು?

ಪ್ರಶ್ನೆ: ಕ್ಯೂಬಾದಲ್ಲಿ ಗುಲಾಮಗಿರಿಯಿದ್ದ ಕಾಲದ ಸಾಹಿತ್ಯದಲ್ಲಿ ಆಫ್ರಿಕಾ ಮೂಲದವರ ಸಂಕಟ ಕಾಣುತ್ತದೆಯೇ ಹೊರತು ಅವರ ದೇವರು, ನಂಬಿಕೆಗಳು ಕಾಣುವುದಿಲ್ಲ ಎನ್ನುತ್ತಾರೆ. ಇದು ನಿಜವೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಬಹುಮಟ್ಟಿಗೆ ನಿಜ. ಗುಲಾಮಗಿರಿಯನ್ನು ವಿರೋಧಿಸಿದ ಕಾದಂಬರಿಕಾರರು ಹೆಚ್ಚಾಗಿ ಬಿಳಿಯರಾಗಿದ್ದರು. ಓದುಗರ ಕರುಣೆಯನ್ನು ಗಳಿಸಲು ಅವರು ತಮ್ಮ ನಾಯಕನನ್ನು ಆದಷ್ಟೂ ತಮ್ಮಂತೆಯೇ ರೂಪಿಸಿದರು. 1841ರಲ್ಲಿ ಮ್ಯಾಡ್ರಿಡ್‌ನಲ್ಲಿ ಪ್ರಕಟವಾದ ಗೆರ್ತ್ರೂದಿಸ್ ಗೋಮೆಸ್ ದೆ ಅವೆಯಾನೆದಾ ಅವರ ‘ಸಾಬ್’ ಕಾದಂಬರಿಯ ಗುಲಾಮ ನಾಯಕ ಮಿಶ್ರವರ್ಣದವನು, ವಿದ್ಯಾವಂತ, ಯಜಮಾನನ ಮಗಳನ್ನು ಮೌನವಾಗಿ ಪ್ರೀತಿಸುವವನು. ಗುಲಾಮನ ಪಾಡನ್ನು ಮದುವೆಯಾದ ಹೆಣ್ಣಿನ ಪಾಡಿನ ಪಕ್ಕದಲ್ಲಿಟ್ಟ ಆ ಲೇಖಕಿಯ ಧೈರ್ಯ ದೊಡ್ಡದು, ಆದರೆ ತೋಟದ ಸಾಮಾನ್ಯ ಆಳು ಅದರಲ್ಲಿ ಹಿನ್ನೆಲೆಗೇ ಉಳಿಯುತ್ತಾನೆ.

ಗುಲಾಮನೇ ಬರೆದದ್ದೆಂದರೆ ಹುವಾನ್ ಫ್ರಾನ್ಸಿಸ್ಕೊ ಮನ್ಸಾನೊ ಅವರ ಆತ್ಮಕಥೆ. ಯಜಮಾನ ಬಿಸಾಡಿದ ಕಾಗದಗಳ ಮೇಲಿನ ಅಕ್ಷರಗಳನ್ನೇ ತಿದ್ದಿ ಬರವಣಿಗೆ ಕಲಿತ ಈ ಕವಿ, ದೊಮಿಂಗೊ ದೆಲ್ ಮೊಂತೆ ಎಂಬ ಸಾಹಿತ್ಯ ಪೋಷಕರ ಕೋರಿಕೆಯಂತೆ 1835ರಲ್ಲಿ ಅದನ್ನು ಬರೆದರು. ದೆಲ್ ಮೊಂತೆ ಅವರ ಬಳಗ ಚಂದಾ ಎತ್ತಿ ಮನ್ಸಾನೊ ಅವರನ್ನು ಗುಲಾಮಗಿರಿಯಿಂದ ಬಿಡಿಸಿತು. ಮನಸ್ಸಿನಲ್ಲೇ ಪದ್ಯ ಕಟ್ಟುತ್ತಾ ತೋಟದಲ್ಲಿ ನಡೆಯುವಾಗ ಜೆರೇನಿಯಂ ಎಲೆಯೊಂದನ್ನು ಕಿತ್ತು ಅರಿವಿಲ್ಲದೆಯೇ ಹೊಸಕಿದ ಹುಡುಗ, ಕೈಯ ವಾಸನೆಯಿಂದ ಒಡತಿಗೆ ಸಿಕ್ಕಿಬಿದ್ದು ಘೋರ ಶಿಕ್ಷೆಗೆ ಗುರಿಯಾಗುವ ಪ್ರಸಂಗವೊಂದೇ ಸಾಕು, ಆ ವ್ಯವಸ್ಥೆ ಏನೆಂದು ತಿಳಿಯಲು. ಆದರೂ ಆಫ್ರಿಕಾದ ದೇವರುಗಳ ಬಗ್ಗೆ ಇಲ್ಲಿ ಹೆಚ್ಚೇನೂ ಸಿಗದು. ಅದಕ್ಕೆ ಕಾರಣವೂ ಉಂಟು: ಮನೆಗೆಲಸದ ಗುಲಾಮನಾಗಿ ಬೆಳೆದ ಅವರನ್ನು ಉಳಿದ ಕಪ್ಪು ಮಕ್ಕಳಿಂದ ದೂರವೇ ಇಟ್ಟಿದ್ದರು, ಮೇಲಾಗಿ ಓದಲಿದ್ದವರು ತಮ್ಮ ಬಿಡುಗಡೆಗೆ ನೆರವಾಗಬಲ್ಲ ಬಿಳಿಯರೇ ಎಂಬುದನ್ನು ಅವರು ಮರೆತಿರಲಾರರು.

ತಾವು ಹುಡುಕುತ್ತಿರುವುದು ಸಿಗಬೇಕಾದರೆ 1966ರವರೆಗೆ ಬರಬೇಕು. ಗುಲಾಮನಾಗಿ ಹುಟ್ಟಿ, ಓಡಿಹೋಗಿ ಕಾಡಿನಲ್ಲಿ ಬದುಕಿದ್ದ ಎಸ್ತೆಬಾನ್ ಮೊಂತೆಹೊ ಎಂಬ ವೃದ್ಧರ ಮಾತುಗಳನ್ನು ಕ್ಯೂಬಾದ ಬರಹಗಾರ ಮಿಗೆಲ್ ಬಾರ್ನೆತ್ ಆ ವರ್ಷ ಪುಸ್ತಕವಾಗಿ ಹೊರತಂದರು. ಕಬ್ಬಿನ ತೋಟದ ಗುಲಾಮರ ವಠಾರ, ಭಾನುವಾರದ ವಾದ್ಯ ಮತ್ತು ಕುಣಿತ, ಲುಕುಮಿ (ಯೊರುಬಾ ಮೂಲದವರು) ಹಾಗೂ ಕಾಂಗೊ ಜನರ ಬೇರೆ ಬೇರೆ ಆಚರಣೆಗಳು ಇಲ್ಲಿ ಒಳಗಿನವರ ಮಾತಿನಲ್ಲಿ ಬರುತ್ತವೆ. ಯಜಮಾನ ಒಬ್ಬನನ್ನು ದಂಡಿಸಿದರೆ ಉಳಿದವರು ಚಿಟಿಕೆ ಮಣ್ಣನ್ನು ಮಂತ್ರದ ಮಡಕೆಗೆ ಹಾಕುತ್ತಿದ್ದರು, ಆಮೇಲೆ ಯಜಮಾನ ಕಾಯಿಲೆ ಬೀಳುತ್ತಿದ್ದ ಎಂದು ಮೊಂತೆಹೊ ಸಹಜವೆಂಬಂತೆ ಹೇಳುತ್ತಾರೆ. ಕಾದಂಬರಿಗಳ ಅಸಹಾಯಕ ಗುಲಾಮ ಇಲ್ಲಿಲ್ಲ. ಹಾಗೆಂದು ಇದನ್ನು ನೇರ ದಾಖಲೆಯೆಂದು ಓದಬಾರದು. ಪ್ರಶ್ನೆ ಕೇಳಿದವರೂ, ಉತ್ತರಗಳನ್ನು ಕಾಲಕ್ರಮದಲ್ಲಿ ಜೋಡಿಸಿ ತಿದ್ದಿದವರೂ ಬಾರ್ನೆತ್ ಅವರೇ.