ಬಿದ್ದ ಮೇಲೆ ತೋಳು ಏಳುತ್ತಿಲ್ಲ: ಈ ವಯಸ್ಸಿಗೆ ಆಪರೇಷನ್ ಬೇಕಾ?

ಪ್ರಶ್ನೆ: ನನಗೆ 68 ವರ್ಷ. ಒಂದೂವರೆ ತಿಂಗಳ ಹಿಂದೆ ಬಚ್ಚಲಲ್ಲಿ ಕಾಲು ಜಾರಿ ಬಲ ಭುಜದ ಮೇಲೆ ಬಿದ್ದೆ. ಎಕ್ಸ್‌ರೇ ತೆಗೆದು ಮೂಳೆ ಮುರಿದಿಲ್ಲ ಅಂದರು. ಆದರೆ ಅವತ್ತಿನಿಂದ ತೋಳು ಭುಜದ ಮಟ್ಟಕ್ಕೂ ಏಳುತ್ತಿಲ್ಲ. ತಲೆ ಬಾಚಿಕೊಳ್ಳಲು ಆಗುವುದಿಲ್ಲ. ಹಗಲಿಗಿಂತ ರಾತ್ರಿ ನೋವು ಜಾಸ್ತಿ, ನಿದ್ದೆಯೇ ಇಲ್ಲ. ಎಂಆರ್‌ಐಯಲ್ಲಿ ಭುಜದ ಟೆಂಡನ್ ಪೂರ್ತಿ ಹರಿದಿದೆ ಎಂದು ಬಂದಿದೆ. ಒಬ್ಬ ಡಾಕ್ಟರು ಆಪರೇಷನ್ ಆಗಲೇಬೇಕು ಅನ್ನುತ್ತಾರೆ, ಇನ್ನೊಬ್ಬರು ವ್ಯಾಯಾಮ ಸಾಕು ಅನ್ನುತ್ತಾರೆ. ಮಕ್ಕಳು ಈ ವಯಸ್ಸಲ್ಲಿ ಬೇಡವೇ ಬೇಡ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ನಿಮಗೇ ಒಂದು ಪ್ರಶ್ನೆ. ಬೀಳುವ ಹಿಂದಿನ ದಿನ ಆ ತೋಳು ಹೇಗಿತ್ತು? ಮೇಲಿನ ಕಪಾಟಿಗೆ ಕೈ ಹೋಗುತ್ತಿತ್ತಾ? ಆ ಕಡೆ ಮಗ್ಗುಲಾಗಿ ಮಲಗುತ್ತಿದ್ದಿರಾ? ನಿಮ್ಮ ಇಡೀ ಪತ್ರದಲ್ಲಿ ಇಲ್ಲದ ವಿಷಯ ಇದೊಂದೇ. ನಾನಾದರೆ ಎಂಆರ್‌ಐಗಿಂತ ಮೊದಲು ಇದನ್ನೇ ಕೇಳುತ್ತೇನೆ.

ಕಾರಣ ಹೇಳುತ್ತೇನೆ. ಭುಜದ ಕೀಲಿನಲ್ಲಿ ತೋಳಿನ ಮೂಳೆಯ ಗುಂಡು ತುದಿ ದೊಡ್ಡದು, ಅದು ಕೂರುವ ಗುಳಿ ಚಿಕ್ಕದು ಮತ್ತು ಆಳವಿಲ್ಲದ್ದು. ಹಾಗಾಗಿಯೇ ಕೈ ಇಷ್ಟೊಂದು ದಿಕ್ಕಿಗೆ ತಿರುಗುತ್ತದೆ. ಆ ಗುಂಡು ಜಾರದಂತೆ ಹಿಡಿದಿಡುವುದು ನಾಲ್ಕು ಸ್ನಾಯುಗಳ ಕೆಲಸ. ಇವಕ್ಕೆ ಒಟ್ಟಾಗಿ ರೊಟೇಟರ್ ಕಫ್ ಎನ್ನುತ್ತೇವೆ. ಇವುಗಳ ಟೆಂಡನ್‌ಗಳು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿಗಳು, ವಯಸ್ಸಾದಂತೆ ಸವೆಯುತ್ತವೆ. ಮೇಲ್ಭಾಗದಲ್ಲಿ ಹಾದುಹೋಗುವ ಸುಪ್ರಾಸ್ಪೈನೇಟಸ್ ಅನ್ನುವುದು ಎಲ್ಲಕ್ಕಿಂತ ಹೆಚ್ಚಾಗಿ ಹರಿಯುತ್ತದೆ. 60 ದಾಟಿದವರನ್ನು ಸುಮ್ನೆ ಸಾಲಾಗಿ ನಿಲ್ಲಿಸಿ ಸ್ಕ್ಯಾನ್ ಮಾಡಿದರೆ, ಯಾವ ನೋವೂ ಇಲ್ಲದ ಎಷ್ಟೋ ಜನರಲ್ಲಿ ಹರಿದ ಟೆಂಡನ್ ಕಾಣುತ್ತದೆ. ಅದು ತಲೆಗೂದಲು ಬೆಳ್ಳಗಾದ ಹಾಗೆ. ವಯಸ್ಸಿನ ಗುರುತು, ಅಷ್ಟೆ.

ಆದ್ದರಿಂದ ರಿಪೋರ್ಟಿನಲ್ಲಿ ‘ಪೂರ್ತಿ ಹರಿದಿದೆ’ ಎಂದು ಓದಿ ಗಾಬರಿಯಾಗಬೇಡಿ. ಟೆಂಡನ್ ಹರಿದು ಬಹಳ ಕಾಲವಾಗಿದ್ದರೆ, ಅದರಿಂದ ನಿಧಾನವಾಗಿ ನೋವು ಶುರುವಾಗಿದ್ದರೆ, ಮೊದಲ ಚಿಕಿತ್ಸೆ ವ್ಯಾಯಾಮವೇ. ಮೂರು ತಿಂಗಳು ಸರಿಯಾಗಿ ಮಾಡಿದವರಲ್ಲಿ ತುಂಬಾ ಜನ ಆಪರೇಷನ್ ಇಲ್ಲದೆಯೇ ಚೆನ್ನಾಗಿರುತ್ತಾರೆ. ಹರಿದದ್ದು ಹರಿದ ಹಾಗೆಯೇ ಇರುತ್ತದೆ, ಆದರೆ ಉಳಿದ ಸ್ನಾಯುಗಳು ಕೆಲಸ ಕಲಿತುಕೊಳ್ಳುತ್ತವೆ. ನಿಮಗೆ ವ್ಯಾಯಾಮ ಸಾಕು ಎಂದ ಡಾಕ್ಟರ ಲೆಕ್ಕಾಚಾರ ಇದು.

ಆದರೆ ನಿನ್ನೆಯವರೆಗೂ ಚೆನ್ನಾಗಿದ್ದ ತೋಳು ಬಿದ್ದ ದಿನದಿಂದಲೇ ಏಳುವುದನ್ನು ನಿಲ್ಲಿಸಿದರೆ ಕಥೆ ಬೇರೆ. ಅಲ್ಲಿ ಟೆಂಡನ್ ಹೊಸದಾಗಿ ಕಿತ್ತು ಬಂದಿರುವ ಸಾಧ್ಯತೆ ದೊಡ್ಡದು. ಕಿತ್ತ ಟೆಂಡನ್ ಇದ್ದಲ್ಲೇ ಇರುವುದಿಲ್ಲ, ಸ್ನಾಯು ಅದನ್ನು ಒಳಕ್ಕೆ ಎಳೆದುಕೊಳ್ಳುತ್ತಾ ಹೋಗುತ್ತದೆ. ಕೆಲಸವಿಲ್ಲದ ಸ್ನಾಯು ತಿಂಗಳುಗಟ್ಟಲೆ ಕಳೆದಂತೆ ಸೊರಗುತ್ತದೆ, ಅದರ ಜಾಗದಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಹಾಗೆ ತುಂಬಿದ ಕೊಬ್ಬು ಮತ್ತೆ ಸ್ನಾಯುವಾಗುವುದಿಲ್ಲ. ಆಮೇಲೆ ಹೊಲಿಯೋಣ ಎಂದರೂ ಹೊಲಿಗೆ ನಿಲ್ಲುವುದು ಕಷ್ಟ. ಇನ್ನೊಬ್ಬ ಡಾಕ್ಟರು ಅವಸರ ಮಾಡುತ್ತಿರುವುದು ಇದಕ್ಕೇ ಇರಬೇಕು.

ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಅಂಗಾತ ಮಲಗಿ. ಎಡಗೈಯಿಂದ ಬಲ ಮುಂಗೈ ಹಿಡಿದು, ಬಲಗೈಯನ್ನು ಪೂರ್ತಿ ಸಡಿಲ ಬಿಟ್ಟು, ಮೆಲ್ಲಗೆ ತಲೆಯ ಕಡೆಗೆ ಎತ್ತಿ. ಹಾಗೆ ಎತ್ತಿದರೆ ಸಲೀಸಾಗಿ ಹೋಗುತ್ತದೆ, ತಾನಾಗಿ ಮಾತ್ರ ಏಳುವುದಿಲ್ಲ ಎಂದರೆ ಕೀಲು ಚೆನ್ನಾಗಿದೆ, ಎತ್ತುವ ಶಕ್ತಿ ಹೋಗಿದೆ ಎಂದರ್ಥ. ಎಡಗೈ ಸಹಾಯ ಮಾಡಿದರೂ ಗಟ್ಟಿಯಾಗಿ ಅಡ್ಡ ನಿಂತರೆ ಕೀಲು ಬಿಗಿದುಕೊಂಡಿದೆ. ಅದಕ್ಕೆ ಫ್ರೋಜನ್ ಶೋಲ್ಡರ್ ಎನ್ನುತ್ತಾರೆ, ಅದರ ದಾರಿ ಬೇರೆ. ಜೊತೆಗೆ ತೋಳಿನ ಹೊರಮೈಯನ್ನು, ಭುಜದಿಂದ ನಾಲ್ಕು ಬೆರಳು ಕೆಳಗೆ, ಎರಡೂ ಕಡೆ ಮುಟ್ಟಿ ನೋಡಿ. ಬಲಗಡೆ ಮರಗಟ್ಟಿದಂತೆ ಅನ್ನಿಸಿದರೆ ನರಕ್ಕೂ ಪೆಟ್ಟಾಗಿರಬಹುದು. ಬಿದ್ದಾಗ ಕೀಲು ಜಾರಿ ತಾನೇ ಕೂತುಕೊಂಡಿದ್ದರೂ ಹೀಗಾಗುತ್ತದೆ. ಇದನ್ನು ಡಾಕ್ಟರಿಗೆ ಹೇಳಲೇಬೇಕು.

ಈಗ ನನ್ನ ಅಭಿಪ್ರಾಯ. ಬೀಳುವ ಮೊದಲು ತೋಳು ಸರಿಯಿದ್ದರೆ, ಸ್ನಾಯು ಇನ್ನೂ ಚೆನ್ನಾಗಿದ್ದರೆ, ನಾನು ಆಪರೇಷನ್ ಕಡೆಗೇ ವಾಲುತ್ತೇನೆ. ಆಗಲೇ ಒಂದೂವರೆ ತಿಂಗಳು ಕಳೆದಿದೆ, ಇನ್ನು ‘ನೋಡೋಣ’ ಎಂದು ಕೂರುವ ಸಮಯ ಅಲ್ಲ. ಮೊದಲಿಂದಲೂ ಆ ಭುಜ ತೊಂದರೆ ಕೊಡುತ್ತಿದ್ದು, ಬಿದ್ದ ಮೇಲೆ ಹೆಚ್ಚಾಗಿದ್ದರೆ ವ್ಯಾಯಾಮಕ್ಕೆ ಮೂರು ತಿಂಗಳು ಕೊಟ್ಟು ನೋಡುವುದು ಜಾಣತನ. ಎಂಆರ್‌ಐ ಫಿಲ್ಮು ತೆಗೆದುಕೊಂಡು ಭುಜದ ಆಪರೇಷನ್ ಮಾಡುವವರ ಹತ್ತಿರ ಇದೇ ವಾರ ಹೋಗಿ. ಟೆಂಡನ್ ಎಷ್ಟು ಒಳಗೆ ಸರಿದಿದೆ, ಸ್ನಾಯುವಿನಲ್ಲಿ ಕೊಬ್ಬು ಎಷ್ಟು ತುಂಬಿದೆ, ಹರಿದದ್ದು ಹೊಸದೋ ಹಳೆಯದೋ ಎಂದು ಕೇಳಿ. ಇವಕ್ಕೆ ಸಿಗುವ ಉತ್ತರದಲ್ಲೇ ನಿಮ್ಮ ನಿರ್ಧಾರ ಇದೆ.

ಮಕ್ಕಳಿಗೆ ಹೇಳಿ, ವಯಸ್ಸು ಒಂದೇ ಅಡ್ಡಿ ಅಲ್ಲ. ಹೃದಯ, ಉಸಿರಾಟ, ಶುಗರ್ ಹೇಗಿದೆ ಅನ್ನುವುದು ಮುಖ್ಯ. ಹಾಗಂತ ಇದು ಸುಲಭದ ಹಾದಿಯೂ ಅಲ್ಲ. ಹೊಲಿದ ಮೇಲೆ ನಾಲ್ಕರಿಂದ ಆರು ವಾರ ಕೈ ಸ್ಲಿಂಗ್‌ನಲ್ಲಿರುತ್ತದೆ. ಭಾರ ಎತ್ತಲು ನಾಲ್ಕು ತಿಂಗಳ ಮೇಲೆ ಬೇಕು, ಪೂರ್ತಿ ಚೇತರಿಕೆಗೆ ಒಂದು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ವಯಸ್ಸಾದವರಲ್ಲಿ ಹೊಲಿದದ್ದು ಮತ್ತೆ ಬಿಟ್ಟುಕೊಳ್ಳುವುದು ಯುವಕರಿಗಿಂತ ಜಾಸ್ತಿ, ಬೀಡಿ ಸಿಗರೇಟು ಇದ್ದರೆ ಇನ್ನೂ ಜಾಸ್ತಿ. ಆದರೂ ನೋವು ಇಳಿದದ್ದು ಹಾಗೇ ಉಳಿಯುವುದು ಸಾಮಾನ್ಯ. ಮೊದಲ ವಾರಗಳಲ್ಲಿ ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ ಎನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ. ಬಲಗೈ ಇಲ್ಲದೆ ಒಂದು ಬಾಟಲಿ ಮುಚ್ಚಳ ತೆಗೆಯುವುದೂ ದೊಡ್ಡ ಕೆಲಸ.

ಹೊಲಿಯಲು ಏನೂ ಉಳಿದಿಲ್ಲ ಎಂದಾದರೂ ದಾರಿ ಮುಚ್ಚುವುದಿಲ್ಲ. ಫ್ರಾನ್ಸಿನ ಪಾಲ್ ಗ್ರಾಮಾಂ ಎಂಬ ಸರ್ಜನ್ 1985ರಲ್ಲಿ ಗುಂಡು ಮತ್ತು ಗುಳಿಯ ಜಾಗ ಅದಲುಬದಲು ಮಾಡಿದ ಕೃತಕ ಕೀಲು ರೂಪಿಸಿದರು. ಅದರಲ್ಲಿ ಕಫ್ ಸ್ನಾಯುಗಳಿಲ್ಲದಿದ್ದರೂ ಭುಜದ ಹೊರಗಿನ ದಪ್ಪ ಸ್ನಾಯುವೇ ತೋಳನ್ನು ಎತ್ತುತ್ತದೆ. ಇವತ್ತಿಗೂ ವಯಸ್ಸಾದವರಲ್ಲಿ ಅದು ಚೆನ್ನಾಗಿ ನಡೆಯುತ್ತಿದೆ.

ಇನ್ನು ರಾತ್ರಿಯ ಮಾತು. ಅಂಗಾತ ಮಲಗಿದಾಗ ಮೊಣಕೈ ಹಾಸಿಗೆಯ ಮೇಲೆ ಹಿಂದಕ್ಕೆ ಬೀಳುತ್ತದೆ, ಭುಜದ ಮುಂಭಾಗ ಜಗ್ಗುತ್ತದೆ. ನೋವಿಗೆ ಅರ್ಧ ಕಾರಣ ಅದೇ. ತಲೆಯ ಕಡೆ ಎತ್ತರಿಸಿ, ಅರ್ಧ ಕೂತಂತೆ ಒರಗಿ. ಮೊಣಕೈ ಮತ್ತು ರಟ್ಟೆಯ ಕೆಳಗೆ ಒಂದು ದಿಂಬು ಇಡಿ, ಹೊಟ್ಟೆಯ ಮೇಲೆ ಇನ್ನೊಂದು ಇಟ್ಟು ಅದರ ಮೇಲೆ ಮುಂಗೈ ಹಾಕಿ. ಎಡ ಮಗ್ಗುಲಾದರೆ ಎದೆಯ ಮುಂದೆ ದಪ್ಪ ದಿಂಬು ಅಪ್ಪಿಕೊಂಡು ಬಲಗೈ ಅದರ ಮೇಲಿರಲಿ. ಮಾತ್ರೆಯನ್ನು ನೋವು ಏರಿದ ಮೇಲಲ್ಲ, ಮಲಗುವ ಮುಕ್ಕಾಲು ಗಂಟೆ ಮೊದಲು ತೆಗೆದುಕೊಳ್ಳಿ. ಪ್ಯಾರಾಸಿಟಮಾಲ್ ಮೊದಲ ಆಯ್ಕೆ, ದಿನದ ಮಿತಿ ಡಾಕ್ಟರಿಂದ ತಿಳಿದುಕೊಳ್ಳಿ. ಐಬುಪ್ರೊಫೇನ್, ಡೈಕ್ಲೊಫೆನಾಕ್ ಥರದವನ್ನು ಅಂಗಡಿಯಿಂದ ತಂದು ವಾರಗಟ್ಟಲೆ ನುಂಗಬೇಡಿ. ಈ ವಯಸ್ಸಿನಲ್ಲಿ ಅವು ಹೊಟ್ಟೆಯಲ್ಲಿ ರಕ್ತ ಬರಿಸುತ್ತವೆ, ಕಿಡ್ನಿಗೆ ಪೆಟ್ಟು ಕೊಡುತ್ತವೆ, ಬಿಪಿ ಏರಿಸುತ್ತವೆ. ರಕ್ತ ತೆಳುವಾಗಿಸುವ ಮಾತ್ರೆ ಇದ್ದವರಿಗಂತೂ ಕೂಡದು.

ಪ್ರಶ್ನೆ: ನಮ್ಮ ತಂದೆಗೆ 76 ವರ್ಷ. ಬಿದ್ದು ತೋಳಿನ ಮೂಳೆ ಭುಜದ ಹತ್ತಿರ ಮುರಿದಿದೆ. ಡಾಕ್ಟರು ಪ್ಲಾಸ್ಟರೂ ಹಾಕಲಿಲ್ಲ, ಆಪರೇಷನ್ನೂ ಮಾಡಲಿಲ್ಲ. ಒಂದು ಸ್ಲಿಂಗ್ ಕೊಟ್ಟು ಕಳಿಸಿದರು. ಈಗ ಆರನೇ ದಿನ. ಮೊಣಕೈವರೆಗೂ, ಎದೆಯ ಪಕ್ಕಕ್ಕೂ ಕಪ್ಪು ನೀಲಿ ಆಗಿದೆ. ವಯಸ್ಸಾದವರು ಅಂತ ನಿರ್ಲಕ್ಷ್ಯ ಮಾಡಿದರಾ?

ಉತ್ತರ: ನಿರ್ಲಕ್ಷ್ಯ ಅಲ್ಲ. ಆ ಜಾಗಕ್ಕೆ ಪ್ಲಾಸ್ಟರ್ ಸುತ್ತಲು ಬರುವುದಿಲ್ಲ, ಬೇಕಾಗುವುದೂ ಇಲ್ಲ. ತೋಳು ಕೆಳಕ್ಕೆ ಇಳಿಬಿದ್ದಾಗ ಅದರ ಭಾರವೇ ಮೂಳೆಯನ್ನು ನೇರಕ್ಕೆ ಎಳೆದಿಡುತ್ತದೆ. ಬ್ರಿಟನ್ನಿನಲ್ಲಿ ಇಂಥ ಮುರಿತವಾದ 250 ಜನರಲ್ಲಿ ಅರ್ಧದಷ್ಟು ಮಂದಿಗೆ ಆಪರೇಷನ್, ಉಳಿದವರಿಗೆ ಬರೀ ಸ್ಲಿಂಗ್ ಕೊಟ್ಟು ನೋಡಿದರು. ಫಲಿತಾಂಶ 2015ರಲ್ಲಿ ಬಂತು. ಎರಡು ವರ್ಷದ ಮೇಲೆ ಎರಡೂ ಗುಂಪಿನವರ ತೋಳು ಹೆಚ್ಚೂಕಡಿಮೆ ಒಂದೇ ರೀತಿ ಕೆಲಸ ಮಾಡುತ್ತಿತ್ತು. ಮೂಳೆ ಚೂರುಚೂರಾಗಿದ್ದರೆ, ಗುಂಡು ಗುಳಿಯಿಂದ ಆಚೆ ಬಂದಿದ್ದರೆ ಮಾತು ಬೇರೆ. ಹಾಗಿದ್ದಿದ್ದರೆ ನಿಮ್ಮನ್ನು ಮನೆಗೆ ಕಳಿಸುತ್ತಿರಲಿಲ್ಲ.

ಕಪ್ಪು ನೀಲಿ ನೋಡಿ ಎಲ್ಲರೂ ಹೆದರುತ್ತಾರೆ. ಮುರಿದ ಜಾಗದ ರಕ್ತ ಚರ್ಮದ ಕೆಳಗೆ ಇಳಿಯುತ್ತಾ ಬರುತ್ತದೆ, ಮೊಣಕೈ ದಾಟಿ ಮುಂಗೈವರೆಗೂ ಬರಬಹುದು. ಎರಡು ಮೂರು ವಾರದಲ್ಲಿ ಹಸಿರು, ಹಳದಿ ಆಗಿ ಹೋಗುತ್ತದೆ. ಹೆದರಬೇಕಾದ್ದು ಬೇರೆ: ಬೆರಳು ತಣ್ಣಗಾಗಿ ಬಿಳಿಚಿಕೊಂಡರೆ, ಕೈ ಜೋಮು ಹಿಡಿದು ಹೋಗದಿದ್ದರೆ, ಬೆರಳು ಆಡಿಸಲು ಆಗದಿದ್ದರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಆ ಕೈಯಲ್ಲಿ ಉಂಗುರ ಇದ್ದರೆ ಇವತ್ತೇ ತೆಗೆಯಿರಿ. ಊದಿಕೊಂಡ ಮೇಲೆ ಕತ್ತರಿಸಿಯೇ ತೆಗೆಯಬೇಕಾಗುತ್ತದೆ.

ಬೆರಳು, ಮಣಿಕಟ್ಟು, ಮೊಣಕೈ ಈಗಿನಿಂದಲೇ ಗಂಟೆಗೊಮ್ಮೆ ಆಡಲಿ. ಮುಷ್ಟಿ ಬಿಗಿದು ಬಿಡಲಿ. ಭುಜದ ವ್ಯಾಯಾಮ ಡಾಕ್ಟರು ಹೇಳಿದ ಮೇಲೆ, ಸಾಮಾನ್ಯವಾಗಿ ಒಂದರಿಂದ ಮೂರನೇ ವಾರದೊಳಗೆ. ಮೊದಲನೆಯದು ಸುಲಭ: ಒಳ್ಳೆಯ ಕೈಯನ್ನು ಮೇಜಿಗೆ ಊರಿ, ಸೊಂಟದಿಂದ ಮುಂದಕ್ಕೆ ಬಾಗಿ, ನೋವಿನ ತೋಳನ್ನು ಇಳಿಬಿಟ್ಟು ಮೈಯನ್ನು ಮೆಲ್ಲಗೆ ಅಲ್ಲಾಡಿಸಿ ತೋಳನ್ನು ತೂಗಾಡಿಸುವುದು. ತೋಳನ್ನು ತಾನಾಗಿ ಬೀಸಬಾರದು, ಮೈ ಅಲ್ಲಾಡಿದ್ದಕ್ಕೆ ಅದು ಆಡಬೇಕು. ಎಷ್ಟೋ ಮಂದಿ ಇದನ್ನೇ ಉಲ್ಟಾ ಮಾಡುತ್ತಾರೆ.

ಇದೇ ಭಂಗಿ ಸ್ನಾನಕ್ಕೂ ಉಪಯೋಗ. ಸ್ಲಿಂಗ್‌ನಲ್ಲಿರುವ ಕೈಯ ಕಂಕುಳು ಬೆವರಿ, ಚರ್ಮ ಕೆಂಪಗಾಗಿ ಸುಲಿಯುತ್ತದೆ. ಅಪ್ಪಾಜಿ ಕುರ್ಚಿಯ ಮೇಲೆ ಕೂತು ಮುಂದಕ್ಕೆ ಬಾಗಿದರೆ ತೋಳು ತಾನೇ ಮೈಯಿಂದ ದೂರವಾಗುತ್ತದೆ. ಆಗ ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ಒತ್ತಿ ತೇವ ತೆಗೆಯಿರಿ. ಅಂಗಿ ಮುಂದೆ ಗುಂಡಿ ಇರುವಂಥದ್ದು, ದೊಗಳೆಯಾಗಿರಲಿ. ಹಾಕುವಾಗ ನೋವಿನ ತೋಳು ಮೊದಲು ತೂರಲಿ, ಬಿಚ್ಚುವಾಗ ಅದು ಕೊನೆಗೆ ಬರಲಿ. ಎಬ್ಬಿಸುವಾಗ ಆ ಕಡೆಯ ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಮಲಗುವುದು ಕೆಲವು ವಾರ ಒರಗು ಕುರ್ಚಿಯಲ್ಲೇ ವಾಸಿ. ರಟ್ಟೆ ಹಿಂದಕ್ಕೆ ಬೀಳದಂತೆ ಅದರ ಹಿಂದೆ ತೆಳು ದಿಂಬು ಇರಲಿ, ಆದರೆ ಮೊಣಕೈಯನ್ನು ಕೆಳಗಿನಿಂದ ಮೇಲಕ್ಕೆ ಒತ್ತಬಾರದು.

ಮೂಳೆ ಕೂಡಲು ಆರರಿಂದ ಹನ್ನೆರಡು ವಾರ. ಕೈ ಮೊದಲಿನಷ್ಟು ಮೇಲಕ್ಕೆ ಹೋಗದೇ ಇರಬಹುದು, ಈಗಲೇ ಹೇಳಿಬಿಡುವುದು ಒಳ್ಳೆಯದು. ಊಟ ಮಾಡಲು, ಮುಖ ತೊಳೆಯಲು, ಗುಂಡಿ ಹಾಕಲು ಸಾಮಾನ್ಯವಾಗಿ ತೊಂದರೆ ಉಳಿಯುವುದಿಲ್ಲ.

ನೀವು ಕೇಳದ ಒಂದು ವಿಷಯ. ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿಯಿತು ಎಂದರೆ ಮೂಳೆ ಟೊಳ್ಳಾಗಿರುವ ಅನುಮಾನ ಬರಲೇಬೇಕು. ಗಂಡಸರಿಗೂ ಇದು ಬರುತ್ತದೆ, ಅವರಲ್ಲಿ ಯಾರೂ ಪರೀಕ್ಷಿಸುವುದಿಲ್ಲ ಅಷ್ಟೆ. ಮೂಳೆ ಎಷ್ಟು ಗಟ್ಟಿ ಎಂದು ಅಳೆಯುವ ಡೆಕ್ಸಾ ಸ್ಕ್ಯಾನ್, ವಿಟಮಿನ್ ಡಿ, ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ. ಮುಂದಿನ ಸಲ ಬಿದ್ದರೆ ಮುರಿಯುವುದು ಸೊಂಟದ ಮೂಳೆ ಆಗಬಹುದು. ಬಿದ್ದದ್ದು ಯಾಕೆ ಎಂದೂ ಕೇಳಿ: ರಾತ್ರಿ ಎದ್ದಾಗ ತಲೆ ಸುತ್ತಿತಾ, ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಾರಾ, ಎದ್ದು ನಿಂತ ತಕ್ಷಣ ಬಿಪಿ ಇಳಿಯುತ್ತದಾ?

ಪ್ರಶ್ನೆ: ಶುಗರ್ ಇದೆ. ಭುಜ ನೋವಿಗೆ ಸ್ಟೀರಾಯ್ಡ್ ಇಂಜೆಕ್ಷನ್ ತೆಗೆದುಕೊಳ್ಳಬಹುದಾ? ವ್ಯಾಯಾಮ ಮಾಡಿದರೆ ನೋವು ಬರುತ್ತದೆ, ನಿಲ್ಲಿಸಲಾ?

ಉತ್ತರ: ತೆಗೆದುಕೊಳ್ಳಬಹುದು. ಕೆಲವು ದಿನ ಶುಗರ್ ಏರುತ್ತದೆ, ಮನೆಯಲ್ಲೇ ಪರೀಕ್ಷಿಸಿಕೊಳ್ಳಿ. ಮೊದಲೇ ಹಿಡಿತ ತಪ್ಪಿದ್ದರೆ ಅದನ್ನು ಸರಿ ಮಾಡಿಕೊಂಡು ಆಮೇಲೆ ಹೋಗಿ. ಇಂಜೆಕ್ಷನ್ ನೋವು ತಗ್ಗಿಸುತ್ತದೆ, ಹರಿದದ್ದನ್ನು ಕೂಡಿಸುವುದಿಲ್ಲ. ಆ ತಗ್ಗಿದ ವಾರಗಳಲ್ಲಿ ವ್ಯಾಯಾಮ ಮಾಡಿಕೊಂಡರೆ ಲಾಭ, ಇಲ್ಲದಿದ್ದರೆ ಹಣ ದಂಡ. ಪದೇಪದೇ ಹಾಕಿಸಿದರೆ ಟೆಂಡನ್ ಇನ್ನೂ ಬಲ ಕಳೆದುಕೊಳ್ಳುತ್ತದೆ. ಆಪರೇಷನ್ ಯೋಚನೆ ಇದ್ದರೆ ಸರ್ಜನ್ ಕೇಳದೆ ಹಾಕಿಸಬೇಡಿ.

ವ್ಯಾಯಾಮದ ಹೊತ್ತಿನಲ್ಲಿ ಹತ್ತಕ್ಕೆ ನಾಲ್ಕರಷ್ಟು ನೋವು ಇದ್ದರೆ ಪರವಾಗಿಲ್ಲ, ಮಾರನೇ ಬೆಳಿಗ್ಗೆಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಅರ್ಧಕ್ಕೆ ಇಳಿಸಿ, ಪೂರ್ತಿ ಬಿಡಬೇಡಿ. ಶುಗರ್ ಇರುವವರ ಭುಜ ಸುಮ್ನೆ ಇಟ್ಟರೆ ಬೇಗ ಬಿಗಿದುಕೊಳ್ಳುತ್ತದೆ.

ಪ್ರಶ್ನೆ: ನನಗೆ 71. ಬಿದ್ದಿಲ್ಲ, ಪೆಟ್ಟಾಗಿಲ್ಲ. ಒಂದು ತಿಂಗಳಿಂದ ಎರಡೂ ಭುಜ ಬೆಳಿಗ್ಗೆ ಎದ್ದಾಗ ಕಲ್ಲಾಗಿರುತ್ತವೆ. ಒಂದು ಗಂಟೆ ಮೇಲೆ ಸಡಿಲವಾಗುತ್ತದೆ. ಯಾವ ವ್ಯಾಯಾಮ ಮಾಡಲಿ?

ಉತ್ತರ: ವ್ಯಾಯಾಮ ಆಮೇಲೆ. ಮೊದಲು ರಕ್ತ ಪರೀಕ್ಷೆ ಮಾಡಿಸಿ, ಮೈಯಲ್ಲಿ ಉರಿಯೂತ ಇದೆಯೇ ಎಂದು ತೋರಿಸುವ ಇಎಸ್‌ಆರ್ ಮತ್ತು ಸಿಆರ್‌ಪಿ. 50 ದಾಟಿದವರಲ್ಲಿ ಹೀಗೆ ಎರಡೂ ಭುಜ ಒಟ್ಟಿಗೆ ಹಿಡಿದುಕೊಂಡರೆ ಪಾಲಿಮಯಾಲ್ಜಿಯಾ ರುಮ್ಯಾಟಿಕಾ ಎಂಬ ಉರಿಯೂತದ ಕಾಯಿಲೆ ಇರಬಹುದು. ಕಡಿಮೆ ಪ್ರಮಾಣದ ಸ್ಟೀರಾಯ್ಡ್ ಮಾತ್ರೆಗೆ ಕೆಲವೇ ದಿನಗಳಲ್ಲಿ ತುಂಬಾ ಜನ ಚೇತರಿಸಿಕೊಳ್ಳುತ್ತಾರೆ. ಆದರೆ ಡಾಕ್ಟರು ನೋಡಿ ಕೊಡಬೇಕು. ಇದರ ಜೊತೆ ಹೊಸದಾಗಿ ತಲೆನೋವು ಬಂದರೆ, ಅಗಿಯುವಾಗ ದವಡೆ ನೋವಾದರೆ, ಒಂದು ಕಣ್ಣು ಮಂಜಾದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅದೇ ದಿನ ತುರ್ತು ವಿಭಾಗಕ್ಕೆ ಹೋಗಿ. ಕಣ್ಣಿಗೆ ರಕ್ತ ಒಯ್ಯುವ ನಾಳಕ್ಕೆ ಉರಿಯೂತ ತಗುಲಿರಬಹುದು, ಹೋದ ದೃಷ್ಟಿ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.