ಸೈಕಲ್ ಅಂಗಡಿಯ ಕಟ್ಟೆಯಿಂದ: ಗೋಕರ್ಣದಿಂದ ಕಾಸರಕೋಡಕ್ಕೆ

ಪ್ರಶ್ನೆ: ನಾವು ಮೂವರು. ನನಗೆ 46, ಯಜಮಾನರಿಗೆ 53, ಮಗಳಿಗೆ 14. ಮೂವರಿಗೂ ಸೈಕಲ್ ಇದೆ. ಭಾನುವಾರ ಊರ ಸುತ್ತ ಹತ್ತು ಹದಿನೈದು ಕಿಲೋಮೀಟರ್ ತುಳಿಯುವ ಅಭ್ಯಾಸವಿದೆ. ಜನವರಿಯಲ್ಲಿ ಮೂರು ದಿನ ರಜೆ ಸಿಗುತ್ತದೆ. ಕಡಲೂ ಇರಬೇಕು, ಕಾಡೂ ಇರಬೇಕು, ಸುಸ್ತಾಗಬಾರದು. ಅಂಥ ದಾರಿ ಯಾವುದಾದರೂ ಇದೆಯೇ ಅಕ್ಕಾ? ಯಜಮಾನರು ಕಾರವಾರದಿಂದ ಉಡುಪಿಗೆ ಹೋಗೋಣ ಎನ್ನುತ್ತಿದ್ದಾರೆ.
– ಓದುಗರೊಬ್ಬರು, ದಾವಣಗೆರೆ

ಯಜಮಾನರಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಯೋಜನೆಯನ್ನು ಮಾತ್ರ ಒಪ್ಪಬೇಡಿ. ಕಾರವಾರದಿಂದ ಉಡುಪಿಗೆ ಸುಮಾರು 200 ಕಿಲೋಮೀಟರ್, ಬಹುಪಾಲು 66ನೇ ರಾಷ್ಟ್ರೀಯ ಹೆದ್ದಾರಿ. ಮೀನಿನ ಲಾರಿಗಳು ಮಂಜುಗಡ್ಡೆಯ ನೀರು ಸುರಿಸುತ್ತ ಮೊಣಕೈ ಪಕ್ಕದಲ್ಲೇ ಹಾಯುತ್ತವೆ. ಇಷ್ಟು ಕಷ್ಟಪಟ್ಟರೂ ಮರವಂತೆಯಂಥ ಕೆಲವು ಜಾಗ ಬಿಟ್ಟರೆ ಕಡಲು ಕಣ್ಣಿಗೆ ಬೀಳುವುದಿಲ್ಲ. ತೆಂಗಿನ ತೋಟಗಳ ಆಚೆ ಎಲ್ಲೋ ಇರುತ್ತದೆ, ಸದ್ದಿಲ್ಲದೆ.

ನಾನು ಹೇಳುವುದು ಸಣ್ಣ ದಾರಿ: ಗೋಕರ್ಣದಿಂದ ಹೊನ್ನಾವರದ ಕಾಸರಕೋಡದವರೆಗೆ. ಮೊಬೈಲ್ ನಕ್ಷೆಯಲ್ಲಿ ಹುಡುಕುವಾಗ ‘ಹೊನ್ನಾವರ’ ಎಂದು ಸೇರಿಸುವುದನ್ನು ಮರೆಯಬೇಡಿ; ಇಲ್ಲದಿದ್ದರೆ ಅದು ನಿಮ್ಮನ್ನು ಕೇರಳದ ಕಾಸರಗೋಡಿಗೆ ಕರೆದೊಯ್ಯುತ್ತದೆ.

ಉತ್ತರದಿಂದ ದಕ್ಷಿಣಕ್ಕೇ ಬನ್ನಿ, ತಿರುಗಿಸಬೇಡಿ. ಕಾರಣ ಗಾಳಿ. ಚಳಿಗಾಲದ ಬೆಳಿಗ್ಗೆ ಘಟ್ಟದ ಕಡೆಯಿಂದ ಹಗುರಾದ ಗಾಳಿ ಇರುತ್ತದೆ. ಬಿಸಿಲೇರಿ ನೆಲ ಕಾದಮೇಲೆ ಕಡಲ ಗಾಳಿ ಏಳುತ್ತದೆ, ನಮ್ಮ ತೀರದಲ್ಲಿ ಅದು ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ದಕ್ಷಿಣಕ್ಕೆ ಹೋಗುವವರಿಗೆ ಬೆನ್ನಿಗೆ, ಉತ್ತರಕ್ಕೆ ಹೋಗುವವರಿಗೆ ಮುಖಕ್ಕೆ. ನನ್ನ ತಂದೆ ಕುಮಟೆಯಲ್ಲಿ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದರು, ಗಂಟೆಯ ಲೆಕ್ಕ. ಮಧ್ಯಾಹ್ನ ದಕ್ಷಿಣದ ಧಾರೇಶ್ವರಕ್ಕೆ ಹಾರಿಕೊಂಡು ಹೋದ ಹುಡುಗರು ವಾಪಸು ಬರುವಾಗ ಗಾಳಿಗೆ ಎದುರಾಗಿ ತುಳಿದು ಒಂದು ಗಂಟೆ ತಡವಾಗಿ ಬಂದು, ಹೆಚ್ಚಿನ ಬಾಡಿಗೆಗೆ ತಕರಾರು ತೆಗೆಯುತ್ತಿದ್ದರು. ‘ಗಾಳಿಯ ಬಾಡಿಗೆ ನಾನು ಕೊಡಲೋ?’ ಎಂದು ತಂದೆ ಕೇಳುತ್ತಿದ್ದರು. ಆ ಕಟ್ಟೆಯ ಮೇಲೆ ಕೂತು ಪಂಕ್ಚರ್ ಹಾಕುತ್ತಲೇ ನಾನು ದಿಕ್ಕುಗಳನ್ನು ಕಲಿತದ್ದು.

ಸೈಕಲ್ಲುಗಳನ್ನು ಕಾರಿಗೆ ಕಟ್ಟಿಕೊಂಡು ಬಂದು, ಕಾರನ್ನು ಗೋಕರ್ಣದ ವಸತಿಗೃಹದಲ್ಲೇ ಬಿಡಿ. ಕೊನೆಯ ದಿನ ಯಜಮಾನರು ಬಸ್ಸಿನಲ್ಲಿ ಹೋಗಿ ತರಲಿ, ಹೆದ್ದಾರಿ ನೋಡಿದ ಹಾಗೂ ಆಗುತ್ತದೆ. ಮೊದಲ ದಿನ ಸೈಕಲ್ ಮುಟ್ಟಬೇಡಿ. ಕುಡ್ಲೆ, ಓಂ ತೀರಗಳಿಗೆ ನಡುವೆ ಚಿರೆಕಲ್ಲಿನ ಗುಡ್ಡ ಅಡ್ಡವಿದೆ. ಅದನ್ನು ನಡೆದೇ ಹತ್ತಿ ಇಳಿಯುವುದು ಚಂದ.

ಎರಡನೆಯ ದಿನ ಬೆಳಿಗ್ಗೆ ಏಳಕ್ಕೆ ಹೊರಟು ತದಡಿಗೆ ಬನ್ನಿ. ಅರ್ಧ ಗಂಟೆಯೂ ಬೇಡ. ಅಲ್ಲಿಂದ ಅಘನಾಶಿನಿ ಹೊಳೆಯ ಅಳಿವೆಯನ್ನು ತಾರಿ ದೋಣಿಯಲ್ಲಿ ದಾಟಬೇಕು. ಬೈಕುಗಳನ್ನೇ ಏರಿಸುವ ದೋಣಿಗೆ ನಿಮ್ಮ ಸೈಕಲ್ಲು ಭಾರವಲ್ಲ. ಕೈಗೆ ಚಿಲ್ಲರೆ ಇರಲಿ. ನೀರು ಇಳಿದಿದ್ದರೆ ದಕ್ಕೆಯ ಬಳಿ ಕೆಸರಿರುತ್ತದೆ, ಮಗಳ ಬಿಳಿ ಶೂಗಳನ್ನು ಚೀಲಕ್ಕೆ ಹಾಕಿಸಿ. ಇಡೀ ಪ್ರವಾಸದಲ್ಲಿ ನೀವು ಮನೆಗೆ ಹೋದಮೇಲೂ ಮಾತಾಡುವುದು ಈ ಕೆಲವು ನಿಮಿಷಗಳ ಬಗ್ಗೆಯೇ: ಎಡಕ್ಕೆ ಕಾಂಡ್ಲದ (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಹಸಿರು, ಬಲಕ್ಕೆ ಬಾಯ್ದೆರೆದ ಕಡಲು. ಈ ಹೊಳೆಗೆ ಶಿರಸಿಯ ಹತ್ತಿರ ಹುಟ್ಟಿದಲ್ಲಿಂದ ಇಲ್ಲಿಯ ತನಕ ಒಂದೂ ದೊಡ್ಡ ಅಣೆಕಟ್ಟಿಲ್ಲ. ಅಳಿವೆ ಪ್ರದೇಶವನ್ನು 2024ರ ಆರಂಭದಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳಾದ ರಾಮ್‌ಸರ್ ತಾಣಗಳ ಪಟ್ಟಿಗೆ ಸೇರಿಸಿದ್ದಾರೆ. ನೀರು ಇಳಿದ ಹೊತ್ತಿನಲ್ಲಿ ಹೆಂಗಸರು ಸೊಂಟದ ತನಕ ನೀರಿನಲ್ಲಿ ನಿಂತು ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುವುದು ಕಾಣಿಸಬಹುದು. ಫೋಟೋ ತೆಗೆಯುವ ಮುನ್ನ ಕೇಳಿ.

ಆಚೆ ದಡದ ಅಘನಾಶಿನಿ ಊರಿನಿಂದ ಕಾಗಾಲ, ಬಾಡದ ಮೇಲೆ ಹಾಯ್ದು ಕುಮಟೆಗೆ ಹತ್ತು ಕಿಲೋಮೀಟರಿನ ಆಸುಪಾಸು. ಒಳರಸ್ತೆ, ಮನೆಗಳ ಅಂಗಳಕ್ಕೆ ತಾಗಿಕೊಂಡೇ ಸಾಗುತ್ತದೆ. ಪುರುಸೊತ್ತಿದ್ದರೆ ಒಳಗಿನ ಗಜನಿ ಭೂಮಿಯ ಕಡೆ ಸ್ವಲ್ಪ ತಿರುಗಿ. ಉಪ್ಪುನೀರು ನುಗ್ಗುವ ಆ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪಿಗೂ ನೆರೆಗೂ ಜಗ್ಗದ ತಳಿ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಜನವರಿಯಲ್ಲಿ ನಿಮಗೆ ನೀರು, ಬೆಳ್ಳಕ್ಕಿ, ಕಾಂಡ್ಲದ ಬೇಲಿ ಕಾಣುತ್ತದೆ. ಇಡೀ ದಿನಕ್ಕೆ ಇಪ್ಪತ್ತು ಕಿಲೋಮೀಟರ್ ದಾಟುವುದಿಲ್ಲ. ಕಡಿಮೆಯಾಯಿತು ಎಂದು ಯಜಮಾನರು ಹೇಳಿದರೆ ಮಧ್ಯಾಹ್ನದ ಮೀನೂಟ ಮುಗಿಸಿ ಮತ್ತೆ ಕೇಳಿ ನೋಡಿ.

ಮೂರನೆಯ ದಿನ ಕುಮಟೆಯಿಂದ ಹೊನ್ನಾವರ. ಸುಮಾರು 20 ಕಿಲೋಮೀಟರ್, ಇಲ್ಲಿ ಹೆದ್ದಾರಿಯನ್ನು ಪೂರ್ತಿ ತಪ್ಪಿಸಲಾಗದು. ಕೊನೆಗೆ ಶರಾವತಿಯ ಉದ್ದನೆಯ ಸೇತುವೆ ಬೇರೆ. ನಾನು ಹೇಳುವುದನ್ನು ಕೇಳಿ ನಗುವ ಸೈಕಲ್ ಸವಾರರಿದ್ದಾರೆ, ನಗಲಿ: ಕುಮಟೆಯಲ್ಲಿ ಒಂದು ಗೂಡ್ಸ್ ರಿಕ್ಷಾ ಮಾತಾಡಿ, ಮೂರೂ ಸೈಕಲ್ ಹೇರಿ, ನಡುವೆ ಹಳೆಯ ಚಾದರ ತುರುಕಿ ಕಳುಹಿಸಿ, ನೀವು ಬಸ್ಸಿನಲ್ಲಿ ಬನ್ನಿ. ಹದಿನಾಲ್ಕು ವರ್ಷದ ಹುಡುಗಿಯನ್ನು ಲಾರಿಗಳ ನಡುವೆ ತುಳಿಸಿ ‘ಪೂರ್ತಿ ಮುಗಿಸಿದೆವು’ ಎಂದು ಯಾರಿಗೆ ಹೇಳಬೇಕಾಗಿದೆ? ಸುಲಭದ ಪ್ರವಾಸ ಕೇಳಿದ್ದೀರಿ, ಇದೇ ಸುಲಭ.

ಸೇತುವೆ ದಾಟಿ ಕಾಸರಕೋಡದಲ್ಲಿ ಇಳಿಸಿಕೊಳ್ಳಿ. ಅಲ್ಲಿನ ಇಕೋ ಬೀಚ್‌ಗೆ 2020ರಲ್ಲಿ ಸ್ವಚ್ಛ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದಕ್ಕಿಂತ ನನಗೆ ಇಷ್ಟ ಆ ತೀರದ ಗಾಳಿಮರದ (ಸರ್ವೆಮರ) ತೋಪು. ಬಿಸಿಲೇರುವ ತನಕ ತೋಪಿನ ನೆರಳಿನ ದಾರಿಗಳಲ್ಲಿ ಸುತ್ತಾಡಿ, ಆಮೇಲೆ ಅಪ್ಸರಕೊಂಡದ ಗುಡ್ಡಕ್ಕೆ ಹೋಗಿ. ಕಡೆಯ ಏರನ್ನು ಸೈಕಲ್ ತಳ್ಳಿಕೊಂಡೇ ಹತ್ತಬೇಕು, ಎಲ್ಲರೂ ಹಾಗೆಯೇ. ಮೇಲೆ ನಿಂತರೆ ಕೆಳಗೆ ಕಡಲು ಹಾಸಿರುತ್ತದೆ. ಸಂಜೆಗೆ ಶರಾವತಿ ಸೇತುವೆಯ ಸಮೀಪ ಅರಣ್ಯ ಇಲಾಖೆ ಕಟ್ಟಿದ ಕಾಂಡ್ಲದ ಕಾಲುಹಾದಿಗೆ ಬನ್ನಿ. ಸೈಕಲ್ ಹೊರಗಿಟ್ಟು ನಡೆಯಬೇಕು. ಮಗಳಿಗೆ ಮರದ ಮೇಲೇ ಮೊಳೆತು ನುಗ್ಗೆಕಾಯಿಯಂತೆ ಜೋತಿರುವ ಕಾಂಡ್ಲದ ಸಸಿಗಳನ್ನು ತೋರಿಸಿ. ಅವು ಕೆಳಗೆ ಬಿದ್ದರೆ ಕೆಸರಿಗೆ ನೆಟ್ಟುಕೊಳ್ಳುತ್ತವೆ, ಇಲ್ಲವೇ ನೀರಿನಲ್ಲಿ ತೇಲಿ ಬೇರೆ ದಡ ಸೇರುತ್ತವೆ.

ಗೋಕರ್ಣದಲ್ಲಿ ಹೊಸ ವರ್ಷದ ವಾರ, ಶಿವರಾತ್ರಿಯ ವಾರ ಎರಡನ್ನೂ ತಪ್ಪಿಸಿ. ಕೋಣೆಯೂ ಸಿಗುವುದಿಲ್ಲ, ರಸ್ತೆಯೂ ಸಿಗುವುದಿಲ್ಲ.

ಪ್ರಶ್ನೆ: ಗಾಳಿಮರದ ತೋಪನ್ನು ಕಾಡು ಎಂದು ಈ ಅಂಕಣದಲ್ಲಿ ಹಿಂದೊಮ್ಮೆ ಬರೆದಿದ್ದಿರಿ. ಸಾಲಾಗಿ ನೆಟ್ಟ ಒಂದೇ ಜಾತಿಯ ಗಿಡ ಕಾಡು ಹೇಗಾಗುತ್ತದೆ?
– ಓದುಗರೊಬ್ಬರು, ಶಿರಸಿ

ಘಟ್ಟದ ಮೇಲಿನವರು ಈ ಮಾತು ಹೇಳಿಯೇ ಹೇಳುತ್ತೀರಿ ಎಂದು ಗೊತ್ತಿತ್ತು. ಒಪ್ಪಿದೆ, ಕಾಡಲ್ಲ. ಹೊರಗಿನಿಂದ ತಂದು ನಮ್ಮ ಉತ್ತರ ಕನ್ನಡ ಜಿಲ್ಲೆಯ ತೀರದಲ್ಲಿ 19ನೇ ಶತಮಾನದಲ್ಲೇ ನೆಟ್ಟ ಮರ ಅದು, ಮುಖ್ಯವಾಗಿ ಸೌದೆಗಾಗಿ. ಬರಿಯ ಮರಳಿನಲ್ಲಿ ಅದು ಬದುಕುವುದು ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುವುದರಿಂದ. ಎಲೆಯೆಂದು ನಾವು ತಿಳಿಯುವುದು ಎಲೆಯಲ್ಲ, ಗೆಣ್ಣುಗೆಣ್ಣಾದ ಸಪೂರ ಕಡ್ಡಿ; ನಿಜವಾದ ಎಲೆ ಆ ಗೆಣ್ಣಿನಲ್ಲಿರುವ ಸಣ್ಣ ಹುರುಪೆ. ಕೆಳಗೆ ಉದುರಿದ ಕಡ್ಡಿಯ ಹಾಸಿನಲ್ಲಿ ಬೇರೆ ಗಿಡ ಏಳುವುದು ಕಷ್ಟ. ನೀರಿನ ಅಂಚಿನ ತನಕ ನೆಟ್ಟುಬಿಟ್ಟರೆ ಕಡಲಾಮೆಗಳಿಗೆ ಮೊಟ್ಟೆಯಿಡಲು ಮರಳೇ ಉಳಿಯುವುದಿಲ್ಲ ಎಂಬ ಆಕ್ಷೇಪವೂ ಇದೆ, ಅದು ಸರಿಯಾದ ಆಕ್ಷೇಪ.

ಆದರೂ ಜನವರಿಯ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಸೈಕಲ್ ತುಳಿದು ಆ ನೆರಳಿಗೆ ನುಗ್ಗಿ ನೋಡಿ. ಗಾಳಿಯೇ ಇಲ್ಲವೆಂದುಕೊಂಡ ಹೊತ್ತಿನಲ್ಲೂ ಮೇಲೆ ಸುಂಯ್ ಎಂಬ ಸದ್ದು ಇರುತ್ತದೆ. ಚಿಕ್ಕವಳಿದ್ದಾಗ ನನಗೆ ಆ ಸದ್ದು ಕಡಲಿನದೋ ಮರದ್ದೋ ಗೊತ್ತಾಗುತ್ತಿರಲಿಲ್ಲ, ಈಗಲೂ ಕೆಲವೊಮ್ಮೆ ಗೊತ್ತಾಗುವುದಿಲ್ಲ. ಕಾಡೆಂಬ ಹೆಸರನ್ನು ನೀವು ಕಾಂಡ್ಲಕ್ಕೆ ಕೊಡಿ, ಅಪ್ಸರಕೊಂಡದ ಗುಡ್ಡಕ್ಕೆ ಕೊಡಿ. ತೋಪಿಗೆ ತೋಪು ಎಂದೇ ಇನ್ನು ಬರೆಯುತ್ತೇನೆ. ಸವಾರರಿಗೆ ಒಂದು ಎಚ್ಚರಿಕೆ: ಆ ಕಡ್ಡಿಯ ಹಾಸಿನ ಮೇಲೆ ಉರುಟು ಕಾಯಿಗಳು ಬಿದ್ದಿರುತ್ತವೆ. ತಿರುವಿನಲ್ಲಿ ಮುಂದಿನ ಬ್ರೇಕ್ ಒತ್ತಿದರೆ ಚಕ್ರ ಜಾರುತ್ತದೆ.

ಪ್ರಶ್ನೆ: ಹೊಸ ಗೇರ್ ಸೈಕಲ್ ಕೊಂಡಿದ್ದೇನೆ, ಟೈರ್ ದಪ್ಪವಾಗಿದೆ. ಕಡಲ ಮರಳಿನ ಮೇಲೆ ಓಡಿಸಬಹುದೇ?
– ಕಾಲೇಜು ವಿದ್ಯಾರ್ಥಿ, ಹುಬ್ಬಳ್ಳಿ

ಓಡಿಸಬಹುದು ತಮ್ಮಾ, ಓಡುತ್ತದೆ. ನೀರು ಇಳಿದಾಗ ಒದ್ದೆ ಮರಳು ಸಿಮೆಂಟಿನಷ್ಟು ಗಟ್ಟಿಯಿರುತ್ತದೆ. ಆದರೆ ಸೈಕಲ್ ನಿನ್ನ ಸ್ವಂತದ್ದಾದರೆ ಬೇಡ. ಅಂಗಡಿಗೆ ವಾಪಸು ಬಂದ ಸೈಕಲ್ ಎಲ್ಲಿಗೆ ಹೋಗಿತ್ತು ಎಂದು ನಾವು ಬಾಯಿ ಬಿಟ್ಟು ಕೇಳುತ್ತಿರಲಿಲ್ಲ; ಪೆಡಲ್ ಒಮ್ಮೆ ತಿರುಗಿಸಿದರೆ ಸಾಕು, ಕರಕರ ಎಂದರೆ ಮರಳು ಒಳಹೊಕ್ಕಿದೆ. ಉಪ್ಪು ಮರುದಿನದ ಹೊತ್ತಿಗೆ ಚೈನಿಗೆ ಕೆಂಪು ಬಣ್ಣ ಬಳಿದಿರುತ್ತಿತ್ತು. ಕಡಲ ಬದಿಯಲ್ಲಿ ರಸ್ತೆಯಲ್ಲೇ ಓಡಿಸಿದರೂ ಪ್ರತಿ ಸಂಜೆ ಒಂದು ಬಕೆಟ್ ಸಿಹಿನೀರು ಹಾಕಿ, ಬಟ್ಟೆಯಿಂದ ಒರೆಸಿ, ಚೈನಿಗೆ ಎಣ್ಣೆ ಬಿಡು. ನೀರನ್ನು ಪೈಪಿನಿಂದ ರಭಸವಾಗಿ ಹೊಡೆದರೆ ಬೇರಿಂಗಿನ ಗ್ರೀಸ್ ಹೊರಟುಹೋಗುತ್ತದೆ, ಮೇಲಿನಿಂದ ಸುಮ್ಮನೆ ಸುರಿ. ತೆಂಗಿನೆಣ್ಣೆ ಬೇಡ, ಅದು ಅಂಟಾಗಿ ಮರಳನ್ನೆಲ್ಲ ಹಿಡಿದುಕೊಳ್ಳುತ್ತದೆ. ಇನ್ನೊಂದು ಮಾತು: ಚಳಿಗಾಲದ ತಿಂಗಳುಗಳಲ್ಲಿ ಹೊನ್ನಾವರದ ಕಡೆಯ ಮರಳಿನಲ್ಲಿ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡುತ್ತವೆ. ರಾತ್ರಿ ದೀಪ ಹಾಕಿಕೊಂಡು ಆ ಕಡೆ ಸುಳಿಯಬೇಡ.

ಪ್ರಶ್ನೆ: ಬೆಂಗಳೂರಿನಿಂದ ಸೈಕಲ್ಲನ್ನು ರೈಲಿನಲ್ಲಿ ತರಬಹುದೇ? ದಾರಿಯಲ್ಲಿ ರಿಪೇರಿಗೆ ಏನೇನು ಬೇಕು?
– ಓದುಗರೊಬ್ಬರು, ರಾಜಾಜಿನಗರ

ಬೆಂಗಳೂರಿನಿಂದ ಕಾರವಾರದ ಕಡೆಗೆ ರಾತ್ರಿ ಪ್ರಯಾಣದ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಸೈಕಲ್ಲನ್ನು ಲಗೇಜಾಗಿ ಬುಕ್ ಮಾಡಬಹುದು. ಆದರೆ ಚಿಕ್ಕ ನಿಲ್ದಾಣಗಳಲ್ಲಿ ಗಾಡಿ ನಿಲ್ಲುವುದು ಒಂದೆರಡು ನಿಮಿಷ. ಅಷ್ಟರಲ್ಲಿ ಲಗೇಜ್ ಡಬ್ಬಿ ತೆಗೆದು ಸೈಕಲ್ ಇಳಿಸುತ್ತಾರೆಯೇ ಎಂಬುದನ್ನು ಕೌಂಟರಿನಲ್ಲೇ ಕೇಳಿ ಖಚಿತ ಮಾಡಿಕೊಳ್ಳಿ. ಒಮ್ಮೆ ನಾನು ನನ್ನ ಊರಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು, ನನ್ನ ಸೈಕಲ್ ಮುಂದಿನ ಊರಿಗೆ ಹೋಗುವುದನ್ನು ನೋಡಿದ್ದೇನೆ.

ರಿಪೇರಿಗೆ ಒಂದು ಹೆಚ್ಚುವರಿ ಟ್ಯೂಬ್, ಪಂಪು, ಟೈರ್ ಬಿಚ್ಚುವ ಪಟ್ಟಿ, ಸೊಲ್ಯೂಷನ್ ಸಾಕು. ನಿಮ್ಮದು ದುಬಾರಿ ಸೈಕಲ್ಲಾದರೆ ಟ್ಯೂಬಿನ ಮೂತಿ ನೋಡಿ. ಪೆನ್ಸಿಲ್ಲಿಗಿಂತ ಸಪೂರವಾಗಿ, ತುದಿಯಲ್ಲಿ ಸಣ್ಣ ತಿರುಪು ಇದ್ದರೆ ಅದು ಪ್ರೆಸ್ಟಾ ವಾಲ್ವ್. ನಮ್ಮ ಹಳ್ಳಿಯ ಅಂಗಡಿಗಳ ಪಂಪು ಅದಕ್ಕೆ ಕೂರುವುದಿಲ್ಲ. ಹಿತ್ತಾಳೆಯ ಸಣ್ಣ ಅಡಾಪ್ಟರ್ ಸಿಗುತ್ತದೆ, ಎರಡು ಕೊಳ್ಳಿ. ಒಂದು ಖಂಡಿತ ಕಳೆಯುತ್ತದೆ.

ಪ್ರಶ್ನೆ: ಇದೇ ದಾರಿಯನ್ನು ಜುಲೈ ಮಳೆಯಲ್ಲಿ ಮಾಡುವ ಆಸೆ.
– ಓದುಗರೊಬ್ಬರು, ಮೈಸೂರು

ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರು ಸತ್ತರು. ಗೋಕರ್ಣದಿಂದ ದೂರದ ಜಾಗವಲ್ಲ ಅದು. ಮಳೆಗಾಲದ ಅಳಿವೆಯನ್ನು ತಾರಿಯಲ್ಲಿ ದಾಟುವುದು ನೋಡಲಷ್ಟೇ ಚಂದ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ತಟ್ಟೆಗೆ ಒಣಮೀನೇ ಗತಿ. ನವೆಂಬರ್ ತನಕ ಕಾಯಿರಿ. ಅಲ್ಲಿಯ ತನಕ ಮೈಸೂರಿನಲ್ಲೇ ದಿನಾ ಹತ್ತು ಕಿಲೋಮೀಟರ್ ತುಳಿಯಿರಿ, ಸೀಟಿನ ನೋವು ಅಲ್ಲೇ ಮುಗಿದುಹೋಗಲಿ.